ಲೆಕ್ಕಕ್ಕೆ ಸೇರದ ನಿದ್ರೆ

2020ರಲ್ಲಿ ಬೆಂಗಳೂರಿನ ಕಚೇರಿಗಳು ಬಾಗಿಲು ಮುಚ್ಚಿದಾಗ ಹೊಸಪೇಟೆ, ಕಂಪ್ಲಿ, ಸಂಡೂರುಗಳ ತಮ್ಮ ಮನೆಗಳಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಗಳು ಬಿಸಿಲೇರಿದರೂ ಹಾಸಿಗೆ ಬಿಡದಿರುವುದನ್ನು ಕಂಡು, ಮಕ್ಕಳು ಸೋಮಾರಿಗಳಾದರೆಂದು ಪರಿತಪಿಸಿದ ತಾಯಿತಂದೆಯರು ಈ ಸೀಮೆಯಲ್ಲಿ ಅನೇಕರುಂಟು. ಆ ಮಕ್ಕಳು ಮಲಗಿದುದು ಯಾವ ಜಾವದಲ್ಲಿ ಎಂಬುದನ್ನು ವಿಚಾರಿಸದೆ ಹಾಗೆನ್ನುವುದು ಅನ್ಯಾಯ.

ಹೊಸಪೇಟೆಯಲ್ಲಿ ರಾತ್ರಿ ಎಂಟಾದಾಗ, ಇವರಲ್ಲಿ ಅನೇಕರ ಸಹೋದ್ಯೋಗಿಗಳಿರುವ ಕ್ಯಾಲಿಫೋರ್ನಿಯಾದ ಬೇಸಗೆಯಲ್ಲಿ ಬೆಳಗಿನ ಏಳೂವರೆ. ಅಲ್ಲಿಯವರು ಕೆಲಸಕ್ಕೆ ಕುಳಿತು ಮೀಟಿಂಗ್ ಆರಂಭಿಸುವಷ್ಟರಲ್ಲಿ ಇಲ್ಲಿ ಊಟ ಮುಗಿದು ಓಣಿಯೆಲ್ಲ ಮಲಗಿರುತ್ತದೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟರೆ ಇಲ್ಲಿಯವರ ನಿದ್ರೆ ಮತ್ತೊಂದು ಗಂಟೆ ದೂರ ಸರಿಯುತ್ತದೆ. ಬ್ಯಾಂಕು, ರೈಲ್ವೆ ಟಿಕೆಟ್ಟು ಮೊದಲಾದ ವ್ಯವಸ್ಥೆಗಳನ್ನು ತಿದ್ದುವುದಕ್ಕೂ ಬಳಸುವವರು ಅತ್ಯಲ್ಪರಾಗಿರುವ ಅಪರಾತ್ರಿಯೇ ಪ್ರಶಸ್ತವೆನಿಸಿದೆ. ತುರ್ತು ಕರೆಗೆ ಸಿದ್ಧನಿರಬೇಕಾದ ಆನ್‌ಕಾಲ್ ಸರದಿಯವನಂತೂ ಕಣ್ಣು ಮುಚ್ಚಿದರೂ ಕಿವಿಯನ್ನು ಫೋನಿಗೆ ಒಪ್ಪಿಸಿಯೇ ಮಲಗಬೇಕು. ಆದರೆ ದೇಹಕ್ಕೂ ತನ್ನದೇ ಗಡಿಯಾರವುಂಟು: ಜೀವಕೋಶಗಳೊಳಗೆ ದಿನಮಾನವನ್ನು ಎಣಿಸುವ ಯಂತ್ರವೊಂದುಂಟೆಂಬುದನ್ನು ವಿಶದಪಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಯಂತ್ರವನ್ನು ತಿದ್ದುವುದು ಬೆಳಕು. ನಡುರಾತ್ರಿ ಪರದೆಯ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಸ್ರಾವವನ್ನು ತಡೆಯುವುದರಿಂದಲೂ, ಪ್ರೋಗ್ರಾಮಿನ ದೋಷವೊಂದರ ಬೆನ್ನು ಹತ್ತಿದ ಚಿತ್ತವು ಒಡನೆ ಶಾಂತವಾಗದಿರುವುದರಿಂದಲೂ, ಕೆಲಸ ಮುಗಿದ ಮೇಲೂ ನಿದ್ರೆ ಬಾರದು. ಬರುವ ಹೊತ್ತಿಗೆ ಸೂರ್ಯನೇ ಎದ್ದಿರುವನು.

ಜಾಗರಣೆಯು ಈ ನಾಡಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ಭೋರ್ಗರೆಯುವ ಪ್ರವಾಹದಲ್ಲಿಯೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಲು ಅಣೆಕಟ್ಟು ಗೇಟುಗಳ ತಜ್ಞ ಕನ್ಹಯ್ಯ ನಾಯ್ಡು ಅವರೊಡನೆ ಎಂಜಿನಿಯರುಗಳೂ ಕಾರ್ಮಿಕರೂ ಹಗಲಿರುಳೆನ್ನದೆ ದುಡಿದರು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಊದುಕುಲುಮೆಯನ್ನು ಸಂಜೆಗೆ ಆರಿಸಿ ಮುಂಜಾನೆ ಹೊತ್ತಿಸಲಾಗದು; ಆದುದರಿಂದ ಅಲ್ಲಿ ನೈಟ್ ಶಿಫ್ಟ್ ಅನಿವಾರ್ಯ. ಹೊಳೆಗೂ ಬೆಂಕಿಗೂ ರಾತ್ರಿಯೆಂಬುದಿಲ್ಲ. ಆದರೆ ಬೆಳಗ್ಗೆ ಪತ್ರಮುಖೇನ ತೀರಿಸಬಹುದಾದ ಮಾತನ್ನು ರಾತ್ರಿ ಹನ್ನೊಂದಕ್ಕೆ ಕರೆದು ಕೇಳುವುದು ಅನುಕೂಲವೇ ಹೊರತು ಅನಿವಾರ್ಯವಲ್ಲ. ಆ ಅನುಕೂಲವೂ ಬಹುಮಟ್ಟಿಗೆ ಒಂದು ಕಡೆಯವರದೇ.

ಕಾರ್ಖಾನೆಯ ಇರುಳಿಗೆ ಹೆಸರೂ ಲೆಕ್ಕವೂ ಇವೆ: 1948ರ ಕಾರ್ಖಾನೆ ಕಾಯಿದೆಯು ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನವನ್ನು ವಿಧಿಸಿತು. ಕೆಲಸದ ವೇಳೆಯನ್ನೂ ಪಾಳಿಯನ್ನೂ ಲಿಖಿತವಾಗಿ ಗೊತ್ತುಪಡಿಸಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗಾದರೋ ಕರ್ನಾಟಕ ಸರ್ಕಾರವು 2024ರಲ್ಲಿ ಪುನಃ ಐದು ವರ್ಷಗಳ ವಿನಾಯಿತಿ ನೀಡಿತು. ಈ ವಿನಾಯಿತಿಯನ್ನು ನಾನು ಒಪ್ಪಲಾರೆ. ರಾತ್ರಿಯ ಸಭೆಯನ್ನು ಒಂದು ವಾರ ಇಲ್ಲಿಯವರೂ ಮುಂದಿನ ವಾರ ಅಲ್ಲಿಯವರೂ ಸರದಿಯಿಂದ ಹೊರಲಿ. ಎರಡು ಗಂಟೆಗೆ ಎದ್ದು ಸರ್ವರ್ ಸರಿಪಡಿಸಿದವನಿಗೆ ಮರುದಿನದ ಪೂರ್ವಾಹ್ನವು ರಜೆಯ ಖಾತೆಗೆ ಬೀಳದೆ ನಿದ್ರೆಗೆ ಸಲ್ಲಲಿ.