ಬಾಗಿಲ ಮುಂದಿನ ದಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಕಟ್ಟಿದ್ದನ್ನು ಉಳಿಸಿಕೊಂಡು ಹೋಗುವ ಕಷ್ಟವನ್ನು ಮಾತ್ರ ಆ ಗಾದೆ ಹೇಳುವದಿಲ್ಲ. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಬಳಿಯುತ್ತೇವೆ, ಬಾಗಿಲಿಗೆ ಬಣ್ಣ ಹಚ್ಚುತ್ತೇವೆ. ಆದರೆ ಬೀದಿಯಿಂದ ಬಾಗಿಲಿನ ವರೆಗೆ ಬರುವ ನಾಲ್ವತ್ತು ಐವತ್ತು ಫೂಟಿನ ದಾರಿಯ ಕಡೆಗೆ ಲಕ್ಷ್ಯ ಕೊಡುವವರು ವಿರಳ. ಅದು ಒಡೆದ ಮೇಲೆಯೇ ಅದರ ನೆನಪು.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ನಮ್ಮ ಮನೆ ಇರುವದು ಮೂಡಲಗಿಯ ಕಡೆಯ ಎರೆನೆಲದಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪ ಒಂದು ಹಂಗಾಮಿನ ಕಬ್ಬಿನ ಹಣವನ್ನೆಲ್ಲ ಹಾಕಿ ಬಾಗಿಲ ಮುಂದಿನ ದಾರಿಗೆ ಸಿಮೆಂಟ ಕಾಂಕ್ರೀಟು ಮಾಡಿಸಿದ. ಮೊದಲ ವರ್ಷ ಅದು ಕನ್ನಡಿಯಂತಿತ್ತು. ಎರಡನೆಯ ಬೇಸಿಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಮೂರನೆಯ ವರ್ಷ ಕಬ್ಬು ಹೇರಿದ ಟ್ರೇಲರ್ ಹಾಯ್ದಾಗ ಒಂದು ಮಗ್ಗಲು ಕುಸಿದು ಗಾಲಿ ಹೂತುಹೋಯಿತು. ಅಪ್ಪ ಟ್ರೇಲರನ್ನು ಬೈದ. ನೆರೆಯವರು ಗೌಂಡಿಯನ್ನು ಬೈದರು. ಗೌಂಡಿ ಸಿಮೆಂಟನ್ನು ಬೈದ. ಕಡೆಗೆ ಅಪ್ಪ ನನ್ನ ಕಡೆಗೆ ತಿರುಗಿ, “ನೀ ಕಾಲೇಜು ಕಲಿಯಾಕತ್ತಿ. ಇದು ಯಾಕ ಒಡೀತು ಹೇಳ ನೋಡೂನು” ಎಂದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇತಿಹಾಸ ಓದುವ ನನಗೆ ಉತ್ತರ ಹೊಳೆಯಲಿಲ್ಲ, ನಾಚಿಕೆಯಾಯಿತು. ಆ ಉತ್ತರವನ್ನು ಹುಡುಕುತ್ತ ತಿಳಿದುಕೊಂಡ ಸಂಗತಿಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆಲದ ಗುಣವನ್ನು ವಿಚಾರಿಸೋಣ. ಎರೆಮಣ್ಣು ನೀರು ಕುಡಿದರೆ ಉಬ್ಬುವದು, ಒಣಗಿದರೆ ಕುಗ್ಗುವದು. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಸೂಕ್ಷ್ಮ ಜೇಡಿಯ ಪದರುಗಳ ನಡುವೆ ನೀರು ಸೇರಿಕೊಳ್ಳುವದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಎರೆಹೊಲ ಕೈ ಹಿಡಿಸುವಷ್ಟು ಬಾಯಿ ಬಿಡುವದನ್ನು ನಾವೆಲ್ಲ ನೋಡಿದ್ದೇವೆ. ಕಾಂಕ್ರೀಟಿನ ಕೆಳಗಿನ ನೆಲವೂ ಅದೇ ಅಲ್ಲವೇ? ದಾರಿಯ ನಡುವಿನ ನೆಲ ಮುಚ್ಚಿಕೊಂಡಿರುವದರಿಂದ ಅದರ ತೇವ ಅಷ್ಟಾಗಿ ಬದಲಾಗುವದಿಲ್ಲ. ಅಂಚಿನ ನೆಲ ಮಾತ್ರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿದಾಗ ಕಾಂಕ್ರೀಟಿನ ಅಂಚಿಗೆ ಕೆಳಗೆ ಆಧಾರವೇ ಇಲ್ಲದಂತಾಗುವದು. ಒತ್ತುವ ಭಾರವನ್ನು ತಾಳುವದರಲ್ಲಿ ಕಾಂಕ್ರೀಟು ಗಟ್ಟಿ, ಆದರೆ ಬಗ್ಗಿಸಿದರೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿದ ಮೇಲೆ ಗಾಲಿ ಒತ್ತಿದಾಗಲೆಲ್ಲ ರಾಡಿ ಮೇಲಕ್ಕೆ ಚಿಮ್ಮಿ ಕೆಳಗೆ ಪೊಳ್ಳಾಗುವದು. ನಮ್ಮ ದಾರಿ ಕುಸಿದದ್ದು ಹೀಗೆ. ಟ್ರೇಲರ್ ಕಡೆಯ ಪೆಟ್ಟು ಕೊಟ್ಟಿತು ಅಷ್ಟೇ. ಕೆಲಸ ಮುಗಿಸಿದ್ದು ನೀರು.

ಇದು ಹೊಸ ಮಾತಲ್ಲ. ಸ್ಕಾಟ್ಲಂಡಿನ ಜಾನ್ ಮೆಕಾಡಮ್ (1756–1836) ರಸ್ತೆಗಳ ಬಗ್ಗೆ ಇದೇ ತತ್ವವನ್ನು ಸಾರಿದ. ಭಾರವನ್ನು ನಿಜವಾಗಿ ಹೊರುವದು ಕೆಳಗಿನ ನೆಲ. ಅದನ್ನು ಒಣಗಿದ ಸ್ಥಿತಿಯಲ್ಲಿಟ್ಟರೆ ಅದು ಎಂಥ ಭಾರವನ್ನೂ ಹೊರುವದು. ಮೇಲಿನ ಖಡಿಯ ಹಾಸು ಆ ನೆಲಕ್ಕೆ ಒಂದು ಮಾಳಿಗೆ ಇದ್ದಂತೆ ಎಂಬುದು ಅವನ ವಿಚಾರದ ಸಾರ. ಮಾಳಿಗೆ ಸೋರಿದರೆ ಮನೆ ಉಳಿದೀತೇ?

ಹಾಗಾದರೆ ನೀರು ಎಲ್ಲಿಂದ ಬರುತ್ತದೆ? ಆಕಾಶದಿಂದ ಬರುವದು ಒಂದು ಪಾಲಾದರೆ ನಾವೇ ತಂದು ಸುರಿಯುವದು ಇನ್ನೊಂದು ಪಾಲು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 500 ಲೀಟರ್ ನೀರಾಗುವದು. ಅದೆಲ್ಲ ಒಂದೇ ತೂಬಿನಿಂದ ದಾರಿಯ ಅಂಚಿಗೆ ಬೀಳುತ್ತಿದ್ದರೆ ಗತಿಯೇನು? ನಮ್ಮ ಮನೆಯ ತೂಬು ಅಲ್ಲಿಗೇ ಬೀಳುತ್ತಿತ್ತು. ಬಚ್ಚಲ ನೀರೂ ಅದೇ ಮಗ್ಗಲಿಗೆ ಹರಿಯುತ್ತಿತ್ತು.

ಇನ್ನು ಬಾಳಿ ಉಳಿದ ದಾರಿಗಳನ್ನು ನೋಡೋಣ. ಹುಕ್ಕೇರಿಯ ಹತ್ತಿರ ನನ್ನ ಸೋದರಮಾವನ ಮನೆಯಿದೆ. ಅವನ ಬಾಗಿಲ ಮುಂದೆ ಸಿಮೆಂಟಿಲ್ಲ, ಬರೀ ಗರಸಿನ ದಾರಿ. ನಾನು ಸಣ್ಣವನಿದ್ದಾಗ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಅದರ ಗುಟ್ಟೇನೆಂದು ಕೇಳಿದಾಗ ಮಾವ ನಕ್ಕು, ‘ಮಿರಗ ಮಳಿಗಿಂತ ಮೊದಲ ಎರಡ ದಿನದ ಕೆಲಸ’ ಎಂದ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಅವನು ಮಗ್ಗಲಿನ ಕಾಲುವೆಯ ಹೂಳು ತೆಗೆಯುತ್ತಾನೆ. ಗಾಲಿ ತುಳಿದು ತಗ್ಗು ಬಿದ್ದಲ್ಲಿ ಕೆದರಿ, ನೀರು ಚಿಮುಕಿಸಿ, ಹೊಸ ಗರಸು ಹಾಕಿ ದಮ್ಮಸು ಹೊಡೆಯುತ್ತಾನೆ. ಕೆದರದೆ ಹಾಕಿದ ಗರಸು ಹಳೆಯದರೊಡನೆ ಕೂಡದೆ ಎದ್ದುಹೋಗುವದು. ದಾರಿಯ ನಡು ಎತ್ತರ, ಎರಡೂ ಮಗ್ಗಲು ಇಳಿಜಾರು. ಒಂದು ಫೂಟಿಗೆ ಅರ್ಧ ಇಂಚಿನಷ್ಟು ಇಳಿತ. ಹೀಗಿರುವದರಿಂದ ಅಲ್ಲಿ ನೀರು ನಿಲ್ಲುವ ಮಾತೇ ಇಲ್ಲ.

ಗೋಕಾವಿಯಲ್ಲಿರುವ ನಮ್ಮ ಅತ್ತೆಯ ಮನೆಯದು ಬೇರೊಂದು ಬಗೆ. ಅಲ್ಲಿ ಉಸುಕಿನ ಮೇಲೆ ದಪ್ಪ ಪರಸಿ ಹಾಸಿದ್ದಾರೆ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆಗೆ ಮಹಾಪೂರ ಬಂದು ಊರೊಳಗೆ ನೀರು ನುಗ್ಗಿದಾಗ ಆ ದಾರಿಯ ಉಸುಕು ಕೊಚ್ಚಿಹೋಗಿ ಕಲ್ಲುಗಳೆಲ್ಲ ಏರುಪೇರಾದವು. ನೀರು ಇಳಿದ ಮೇಲೆ ಅವನ್ನು ಎಬ್ಬಿಸಿ, ಕೆಸರು ತೆಗೆದು, ಹೊಸ ಉಸುಕು ಹಾಸಿ ಅವೇ ಕಲ್ಲುಗಳನ್ನು ಮತ್ತೆ ಕೂಡಿಸಿದರು. ಖರ್ಚಾದದ್ದು ಉಸುಕು ಮತ್ತು ಬೆವರು ಮಾತ್ರ. ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿ ಮರಳುಗಲ್ಲಿನ ಬಂಡೆಯನ್ನೇ ಕೊರೆಯುವ ಹೊಳೆಯ ಎದುರಿಗೆ ಯಾವ ದಾರಿಯೂ ನಿಲ್ಲಲಾರದು ನಿಜ. ಆದರೆ ಕೆಟ್ಟರೂ ರಿಪೇರಿಯಾಗುವಂಥ ದಾರಿ ಬಡವನಿಗೆ ಹಿತ. ಭಾರವಾದ ವಾಹನ ಬರುವಲ್ಲಿ ಮಾತ್ರ ತೆಳುವಾದ ಪರಸಿ ನಡೆಯಲಾರದು.

ಕಾಂಕ್ರೀಟೇ ಬೇಕೆನ್ನುವವರು ಕೆಲವು ನಿಯಮಗಳನ್ನು ಪಾಲಿಸುವದು ಅವಶ್ಯ. ಎರೆಮಣ್ಣನ್ನು ಒಂದು, ಒಂದೂವರೆ ಫೂಟು ತೆಗೆದು ಗರಸು ತುಂಬಬೇಕು. ಒಮ್ಮೆಲೆ ಸುರಿಯದೆ ಐದಾರು ಇಂಚಿನ ಪದರು ಪದರಾಗಿ ನೀರು ಹೊಡೆದು ದಮ್ಮಸು ಮಾಡಬೇಕು. ಮಣ್ಣಿಗೆ ನೂರಕ್ಕೆ ಮೂರರಿಂದ ಎಂಟು ಭಾಗ ಸುಣ್ಣ ಬೆರೆಸಿದರೂ ಎರೆಯ ಉಬ್ಬುವ ಗುಣ ತಗ್ಗುವದು. 50 ಕಿಲೋ ತೂಕದ ಒಂದು ಚೀಲ ಸಿಮೆಂಟಿಗೆ 25 ಲೀಟರಿನಷ್ಟು ನೀರು ಸಾಕು. ಕಲಸಲು ಸುಲಭವೆಂದು ಹೆಚ್ಚು ನೀರು ಹಾಕಿದರೆ ಗಟ್ಟಿತನ ಹೋಯಿತೆಂದೇ ತಿಳಿಯಬೇಕು. ನಾಲ್ಕು ಇಂಚು ದಪ್ಪದ ಹಾಸಿಗೆ ಎಂಟು ಹತ್ತು ಫೂಟಿಗೊಂದರಂತೆ, ದಪ್ಪದ ಕಾಲುಭಾಗ ಆಳದ ಗೀರು ಕೊಯ್ಯಬೇಕು. ಕಾಂಕ್ರೀಟು ಒಣಗುತ್ತ ಕುಗ್ಗುವದು ತಪ್ಪದು. ಗೀರು ಇದ್ದರೆ ಬಿರುಕು ಅದರೊಳಗೇ ಬೀಳುವದು. ಕಡಿಮೆಯೆಂದರೆ ಏಳು ದಿನ ಗೋಣಿತಟ್ಟು ಹೊದಿಸಿ ನೀರುಣಿಸಬೇಕು. ಭಾರದ ಗಾಡಿಯನ್ನು 28 ದಿನ ಬಿಡಬಾರದು. ಇಳಿತ ಫೂಟಿಗೆ ಪಾವು ಇಂಚು ಇದ್ದರೆ ಸಾಕು.

ಭಾರದ ವಿಷಯದಲ್ಲಿಯೂ ಒಂದು ಮಾತು. ಅಮೇರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರ ವರೆಗೆ ಲಾರಿಗಳನ್ನು ಓಡಿಸಿ ರಸ್ತೆಗಳ ಪರೀಕ್ಷೆ ನಡೆಸಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹೆಚ್ಚು ಕಡಿಮೆ ಹದಿನಾರು ಪಟ್ಟಾಗುವದೆಂದು ಅದರಿಂದ ತಿಳಿಯಿತು. ಕಬ್ಬು ಹೇರಿದ ಟ್ರೇಲರನ್ನು ಬಾಗಿಲ ವರೆಗೆ ತರದೆ ಬೀದಿಯಲ್ಲಿಯೇ ನಿಲ್ಲಿಸಿದರೆ ಎಷ್ಟು ಉಳಿತಾಯವೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ವರುಷದ ಜೋಪಾನ ಇಷ್ಟೇ: ಮಳೆಗಾಲಕ್ಕೆ ಮುಂಚೆ ಕಾಲುವೆ ತೆಗೆಯುವದು, ಬಿರುಕನ್ನು ಗುಡಿಸಿ ಒಣಗಿಸಿ ಡಾಂಬರು ತುಂಬುವದು, ಏಕೆಂದರೆ ನೆಲದೊಡನೆ ಅಲುಗುವ ಬಿರುಕಿಗೆ ಸಿಮೆಂಟು ನಿಲ್ಲುವದಿಲ್ಲ, ಸಂದಿಯಲ್ಲಿ ಬೆಳೆದ ಹುಲ್ಲನ್ನು ಬೇರುಸಹಿತ ಕೀಳುವದು, ಅಂಚಿಗೆ ಮಣ್ಣು ಏರಿಸಿ ಗಟ್ಟಿ ಮಾಡುವದು, ಮೊದಲ ದೊಡ್ಡ ಮಳೆಯಲ್ಲಿ ಗೊಪ್ಪಿ ಹಾಕಿಕೊಂಡು ಹೊರಗೆ ನಿಂತು ನೀರು ಎಲ್ಲಿ ನಿಲ್ಲುತ್ತದೆಂದು ನೋಡುವದು. ಇದಕ್ಕೆ ಓದು ಬೇಕಿಲ್ಲ, ಕಣ್ಣು ಬೇಕು.

ಕಳೆದ ಬೇಸಿಗೆಯ ರಜೆಯಲ್ಲಿ ಅಪ್ಪನೂ ನಾನೂ ಕೂಡಿ ಕುಸಿದ ಭಾಗವನ್ನು ಒಡೆದು ತೆಗೆದು, ಎರೆಮಣ್ಣು ಅಗೆದು ಗರಸು ತುಂಬಿದೆವು. ತೂಬಿಗೆ ಪೈಪು ಜೋಡಿಸಿ ನೀರನ್ನು ಹಿತ್ತಲಿನ ತೆಂಗಿನ ಗಿಡಕ್ಕೆ ತಿರುಗಿಸಿದೆವು. ಮತ್ತೆ ಕಾಂಕ್ರೀಟು ಹಾಕಲು ಹಣವಿರಲಿಲ್ಲ, ಗರಸನ್ನೇ ಉಳಿಸಿಕೊಂಡೆವು. ಮಿರಗ ಮಳೆ ಜೋರಾಗಿ ಬಂದ ದಿನ ಅಪ್ಪ ತಲಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದ. ನೀರು ಎರಡೂ ಮಗ್ಗಲಿಗೆ ಇಳಿದು ಕಾಲುವೆ ಹಿಡಿದು ಹೋಯಿತು. “ನೀ ಹೇಳಿದ್ದು ಖರೆ ಆತು ನೋಡಪಾ” ಎಂದಷ್ಟೇ ಹೇಳಿ ಒಳಗೆ ಹೋದ. ಪರೀಕ್ಷೆಯಲ್ಲಿ ಪಡೆದ ಅಂಕಗಳಿಗಿಂತ ಆ ಮಾತು ನನಗೆ ದೊಡ್ಡದಾಗಿ ಕಂಡಿತು.