ಬೋರ್ಡಿಗೆ ತಕ್ಕ ಲಿನಕ್ಸ್: ಒಂದು ತಪ್ಪು ಕಲ್ಪನೆ

ಶಿಕಾರಿಪುರ, ಸೊರಬಗಳ ಅಡಕೆ ತೋಟದ ಪಂಪಿನ ಮನೆಯಲ್ಲಿ ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡೊಂದನ್ನು ಕೂರಿಸಿ ಮೋಟಾರನ್ನು ಅದರ ವಶಕ್ಕೊಪ್ಪಿಸಬೇಕೆಂದು ಹೊರಟ ತರುಣರಿಂದ ನಾನು ಕೇಳುವ, ಕೇಳಿ ಕೇಳಿ ಸಹನೆಗೆಟ್ಟಿರುವ ಮಾತೊಂದುಂಟು: "ದೊಡ್ಡ ಲಿನಕ್ಸನ್ನೇ ಮೆಮೊರಿ ಕಾರ್ಡಿಗೆ ಹಾಕಿ ಬೇಡದ್ದನ್ನೆಲ್ಲ ಅಳಿಸಿದರೆ, ನಮ್ಮದೇ ಸಿಸ್ಟಂ ಆಯ್ತಲ್ಲ ಸಾರ್?"

ಆಗುವುದಿಲ್ಲ. ಡೆಸ್ಕ್‌ಟಾಪಿಗೆಂದು ರಚಿತವಾದ, ಹಲವು ಗಿಗಾಬೈಟುಗಳ ವ್ಯವಸ್ಥೆಯಿಂದ ಒಂದೊಂದೇ ಪ್ಯಾಕೇಜನ್ನು ಕಿತ್ತೆಸೆಯುತ್ತ ಹೋದವನಿಗೆ, ಉಳಿದುದರಲ್ಲಿ ಯಾವುದು ಯಾವುದನ್ನು ಆಶ್ರಯಿಸಿದೆಯೆಂಬ ಜ್ಞಾನವಾಗಲಿ, ಆರು ತಿಂಗಳ ಅನಂತರ ಅದನ್ನೇ ಎರಡನೆಯ ತೋಟಕ್ಕೆ ಯಥಾವತ್ತಾಗಿ ಕಟ್ಟಿಕೊಡುವ ಸಾಮರ್ಥ್ಯವಾಗಲಿ ಪ್ರಾಪ್ತವಾಗದು. ನಿಜವಾದ ನಿರ್ಮಾಣದ ದಿಕ್ಕೇ ಬೇರೆ. ಬಿಲ್ಡ್‌ರೂಟ್ ಅಥವಾ ಯೋಕ್ಟೊ ಎಂಬ ಸಾಧನವನ್ನು ಹಿಡಿದು, ಮೊದಲು ಆ ಪ್ರೊಸೆಸರಿಗೆ ಒಪ್ಪುವ ಕ್ರಾಸ್ ಕಂಪೈಲರು, ಬಳಿಕ ಬೂಟ್‌ಲೋಡರು, ಕರ್ನಲ್ಲು, ಕೊನೆಗೆ, 1990ರ ದಶಕದಲ್ಲಿ ಡೆಬಿಯನ್ನಿನ ಅನುಸ್ಥಾಪನೆಯನ್ನು ಒಂದೇ ಫ್ಲಾಪಿಯಲ್ಲಿ ಅಡಕಮಾಡಲೆಂದು ಹುಟ್ಟಿದ ಬಿಸಿಬಾಕ್ಸ್ ಎಂಬ ಕಿರು ಆಜ್ಞೆಗಳ ಕಟ್ಟಿನ ಆಧಾರದ ಮೇಲೆ ರೂಟ್ ಫೈಲ್‌ಸಿಸ್ಟಂ, ಹೀಗೆ ಬೇಕಾದುದನ್ನು ಮಾತ್ರ ಕೂಡಿಸುತ್ತ ಬರತಕ್ಕದ್ದು. ಆರಿಸಿದುದೆಲ್ಲವೂ ಒಂದು ಕಾನ್ಫಿಗರೇಷನ್ ಕಡತದಲ್ಲಿ ದಾಖಲಾಗಿರುವುದರಿಂದ, ಕಾರ್ಡು ಕಳೆದರೂ ವ್ಯವಸ್ಥೆ ಕಳೆಯದು. ಮತ್ತೂ ಒಂದು: ಯುಎಸ್‌ಬಿಯಂಥವುಗಳಿಗೆ ಸೇರಿಸಿದ ವಸ್ತುಗಳನ್ನು ಬಿಟ್ಟರೆ ಇಂಥ ಬೋರ್ಡು ತನ್ನ ಅಂಗಗಳ ಪರಿಚಯವನ್ನು ತಾನಾಗಿ ಹೇಳಿಕೊಳ್ಳದು, ಯಾವ ವಿಳಾಸದಲ್ಲಿ ಯಾವ ಸಾಧನವಿದೆ, ಯಾವ ಪಿನ್ನಿಗೆ ಯಾವ ಸೆನ್ಸರು ಎಂಬುದನ್ನು ಡಿವೈಸ್ ಟ್ರೀ ಎಂಬ ವಿವರಣೆಯೇ ಕರ್ನಲ್ಲಿಗೆ ತಿಳಿಸಬೇಕು. ಎಷ್ಟು ಅಳಿಸಿದರೂ ಅದು ಹುಟ್ಟಲಾರದು.

ನಮ್ಮ ಕಡೆಯ ಪಂಪಿನ ಮನೆಗಳಲ್ಲಿ ಕರೆಂಟು ಹೇಳದೆ ಹೋಗುತ್ತದೆ. ಲಾಗುಗಳನ್ನು ಅನವರತ ಕಾರ್ಡಿಗೆ ಬರೆಯುತ್ತಿರುವ ದೊಡ್ಡ ವ್ಯವಸ್ಥೆ ಆ ಕ್ಷಣದಲ್ಲಿ ಕೆಟ್ಟು ನಿಂತರೆ, ಅಪವಾದವೆಲ್ಲ ಪಾಪ ಕಾರ್ಡಿನ ತಲೆಗೆ! ಸ್ಕ್ವಾಷ್‌ಎಫ್‌ಎಸ್ಸಿನಂಥ, ಓದಲಿಕ್ಕೆ ಮಾತ್ರ ಎಡೆಯಿರುವ ಫೈಲ್‌ಸಿಸ್ಟಮನ್ನಿಟ್ಟು, ತಾತ್ಕಾಲಿಕವಾದುದನ್ನೆಲ್ಲ ರ‍್ಯಾಮಿನಲ್ಲಿರಿಸಿದರೆ ಈ ಕಷ್ಟ ಬಹುಮಟ್ಟಿಗೆ ನೀಗುವುದು.

ಲಿನಕ್ಸು ಪುಟ್ಟ ಯಂತ್ರಕ್ಕೆ ಭಾರವೆನ್ನುವವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ 2001ರಲ್ಲಿ ಹೊರತಂದ ಸಿಂಪ್ಯೂಟರು ಹಾರ್ಡ್ ಡಿಸ್ಕೇ ಇಲ್ಲದೆ ಅದನ್ನು ಅಂಗೈಯಲ್ಲಿ ಓಡಿಸಿತ್ತೆಂಬುದನ್ನು ಮರೆತಿದ್ದಾರೆ. ನಿಗದಿತ ಕ್ಷಣದೊಳಗೆ ಮುಗಿಯಲೇಬೇಕಾದ ಕೆಲಸ ಲಿನಕ್ಸಿನಿಂದಾಗದೆಂಬವರಿಗೆ, ಅದಕ್ಕೆಂದೇ ರಚಿತವಾದ ಪ್ರಿಎಂಪ್ಟ್ ಆರ್‌ಟಿ 2024ರಲ್ಲಿ ಮೂಲ ಕರ್ನಲ್ಲಿಗೇ ಸೇರಿತೆಂಬುದೇ ಉತ್ತರ.

ನನ್ನನ್ನು ಹೆಚ್ಚಾಗಿ ನೋಯಿಸುವುದು ಆ ತರುಣರ ಮಾತಿನ ಹಿಂದಿರುವ ಅಂಧವಿಶ್ವಾಸ. ಬೀಜದ ಅಡಕೆಯೆಂದರೆ ತಾಯಿಮರ ಯಾವುದು, ಅದರ ವಯಸ್ಸೆಷ್ಟು, ಫಲವೆಷ್ಟು ಎಂದು ವಿಚಾರಿಸದೆ ಒಂದು ಗೋಟನ್ನೂ ಮುಟ್ಟದ ಮನೆಯ ಹುಡುಗನೇ, ಯಾರೋ ಕಟ್ಟಿದ ಇಮೇಜನ್ನು ಕಟ್ಟಿದವರಾರು, ಒಳಗೇನಿದೆ ಎಂದು ಕೇಳದೆ ಕಾರ್ಡಿಗೆ ಬರೆದುಕೊಳ್ಳುತ್ತಾನೆ. 2022ರವರೆಗೆ ಪೈಯ ಅಧಿಕೃತ ಇಮೇಜುಗಳಲ್ಲಿ ಬಳಕೆದಾರನ ಹೆಸರೂ ಪಾಸ್‌ವರ್ಡೂ ಜಗತ್ತಿಗೆಲ್ಲ ಒಂದೇ ಆಗಿದ್ದುವು. ನಿನ್ನ ಕಾರ್ಡಿನಲ್ಲಿರುವುದು ಯಾವ ವರ್ಷದ್ದಪ್ಪಾ ಎಂದು ಕೇಳಿದರೆ, ಅವನು ಗೆಳೆಯನಿಗೆ ಫೋನು ಮಾಡುತ್ತಾನೆ.