ಲ್ಯಾಪ್‌ಟಾಪ್‌ಗೆ ಲ್ಯಾನ್ ಅಡಾಪ್ಟರ್ ತಗೋತೀರಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ತಿಂಗಳ 20ನೇ ತಾರೀಕು ಸಂಜೆ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವ ವ್ಯಾಪಾರಿಗಳಿಗೆ ಕಡೇ ದಿನ. ರೂಟರ್ ಮುಂದಿನ ಕೌಂಟರ್‌ನಲ್ಲಿ, ಲ್ಯಾಪ್‌ಟಾಪ್ ಹಿಂದಿನ ರೂಮಿನಲ್ಲಿ. ಮಧ್ಯೆ ಎರಡು ಗೋಡೆ. ವೈಫೈ ಬಂತು ಅನ್ನುವಷ್ಟರಲ್ಲಿ ಹೋಗುತ್ತದೆ. ಒಂದು ದಿನ ತಡವಾದರೂ ವಿಳಂಬ ಶುಲ್ಕ ಕಟ್ಟಬೇಕು.

ಇದಕ್ಕೆ ಸುಲಭದ ದಾರಿ ಎಂದರೆ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಎಳೆಯುವುದು. ಆದರೆ ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಕೇಬಲ್ ಹಾಕುವ ಜಾಗವೇ ಇಲ್ಲ. ಆಗ ಬೇಕಾಗುವುದೇ ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್. ಹೊರಗಿನಿಂದ ನೋಡಲು ಎಲ್ಲವೂ ಒಂದೇ ತರ. ಒಳಗಿನ ಸರಕು ಮಾತ್ರ ಬೇರೆ ಬೇರೆ.

ಮೊದಲು ಪ್ಲಾನ್ ನೋಡಿ

ಅಡಾಪ್ಟರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡಬ್ಬದ ಮೇಲೆ 10/100 ಎಂದಿದ್ದರೆ ಗರಿಷ್ಠ ವೇಗ 100 ಎಂಬಿಪಿಎಸ್. 10/100/1000 ಅಥವಾ ಗಿಗಾಬಿಟ್ ಎಂದಿದ್ದರೆ 1000. ನಿಮ್ಮ ಇಂಟರ್ನೆಟ್ ಪ್ಲಾನ್ 40 ಅಥವಾ 50 ಎಂಬಿಪಿಎಸ್‌ನದಾದರೆ ಮೊದಲನೆಯದೇ ಸಾಕು. ಪ್ಲಾನ್ 100ಕ್ಕಿಂತ ಜಾಸ್ತಿ ಇದ್ದರೆ, ಅಥವಾ ಅಂಗಡಿಯ ಕಂಪ್ಯೂಟರ್‌ಗಳ ನಡುವೆ ದೊಡ್ಡ ಫೈಲ್ ಕಳಿಸುವ ಕೆಲಸವಿದ್ದರೆ ಗಿಗಾಬಿಟ್ ತಗೊಳ್ಳಿ.

2500 ಎಂಬಿಪಿಎಸ್‌ನ ಅಡಾಪ್ಟರ್‌ಗಳೂ ಸಿಗುತ್ತವೆ. ರೂಟರ್‌ನ ಪೋರ್ಟ್ 1000ದ್ದೇ ಆಗಿದ್ದರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡ. ಪ್ಲಾನ್, ರೂಟರ್, ಕೇಬಲ್, ಅಡಾಪ್ಟರ್, ಯುಎಸ್‌ಬಿ ಪೋರ್ಟ್ ಈ ಐದರಲ್ಲಿ ಯಾವುದು ನಿಧಾನವೋ ಅದೇ ನಿಮಗೆ ಸಿಗುವ ವೇಗ. ಅಡಾಪ್ಟರ್ ಹಾಕಿದ ಮಾತ್ರಕ್ಕೆ ಪ್ಲಾನ್ ವೇಗ ಏರುವುದಿಲ್ಲ.

ನೀಲಿ ಬಣ್ಣ ನಂಬಬೇಡಿ

ಗಿಗಾಬಿಟ್ ಪೂರ್ತಿ ಓಡಬೇಕಾದರೆ ಅಡಾಪ್ಟರ್ ಮತ್ತು ಲ್ಯಾಪ್‌ಟಾಪ್ ಪೋರ್ಟ್ ಎರಡೂ ಯುಎಸ್‌ಬಿ 3.0 ಇರಬೇಕು. ಹಳೇ 2.0 ಪೋರ್ಟ್‌ನ ಮಿತಿ ಕಾಗದದ ಮೇಲೆ 480 ಎಂಬಿಪಿಎಸ್, ಕೈಗೆ ಸಿಗುವುದು ಇನ್ನೂ ಕಡಿಮೆ. ಯುಎಸ್‌ಬಿ 3.0ಗೆ ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ. ಆದರೆ ನೀಲಿ ಪ್ಲಾಸ್ಟಿಕ್ ಹಾಕಿ 100ರ ಅಡಾಪ್ಟರ್ ಮಾರುವುದೂ ಉಂಟು. ಹಾಗಾಗಿ ಬಣ್ಣ ಬಿಡಿ, ಒಳಗಿನ ಚಿಪ್ ಯಾವುದು ಅಂತ ಕೇಳಿ. ರಿಯಲ್‌ಟೆಕ್ ಆರ್‌ಟಿಎಲ್ 8153, ಎಎಸ್‌ಐಎಕ್ಸ್ ಎಎಕ್ಸ್ 88179 ಗಿಗಾಬಿಟ್ ಚಿಪ್‌ಗಳು. ಆರ್‌ಟಿಎಲ್ 8152 ಇದ್ದರೆ ಅದು 100ರದ್ದು.

ಲ್ಯಾಪ್‌ಟಾಪ್‌ನಲ್ಲಿರುವುದು ಅಗಲದ ಟೈಪ್-ಎ ಪೋರ್ಟೋ, ಸಣ್ಣ ಟೈಪ್-ಸಿ ಪೋರ್ಟೋ ನೋಡಿಕೊಳ್ಳಿ. ಒಂದೇ ಟೈಪ್-ಸಿ ಇದ್ದು ಅದರಲ್ಲೇ ಚಾರ್ಜ್ ಕೂಡ ಆಗಬೇಕಾದರೆ, ಲ್ಯಾನ್ ಜೊತೆ ಚಾರ್ಜಿಂಗ್ ಪೋರ್ಟ್ ಇರುವ ಹಬ್ ಬೇಕು.

ಡ್ರೈವರ್ ಸಿಡಿ ಕೊಟ್ಟು ‘ಇದನ್ನ ಹಾಕ್ಕೊಳ್ಳಿ’ ಅಂದರೆ ಯೋಚನೆ ಮಾಡಿ. ಸಿಡಿ ಹಾಕುವ ಜಾಗ ಈಗ ಎಷ್ಟು ಲ್ಯಾಪ್‌ಟಾಪ್‌ನಲ್ಲಿದೆ? ಚುಚ್ಚಿದ ತಕ್ಷಣ ಕೆಲಸ ಮಾಡುವಂಥದ್ದೇ ಲೇಸು.

ಕೇಬಲ್ ಮರೀಬೇಡಿ

ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಬೇಕು. ಒಂದು ತುಂಡಾದರೂ ವೇಗ 100ಕ್ಕೆ ಇಳಿಯಬಹುದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಸಾಧ್ಯವಾದರೆ ಲ್ಯಾಪ್‌ಟಾಪ್ ಅನ್ನೇ ಅಂಗಡಿಗೆ ಒಯ್ಯಿರಿ. ಅಡಾಪ್ಟರ್ ಹಾಕಿ, ಗಿಗಾಬಿಟ್ ರೂಟರ್‌ಗೆ ಕೇಬಲ್ ಕೊಡಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ಒತ್ತಿ. ಲಿಂಕ್ ಸ್ಪೀಡ್ ಎದುರು 1000/1000 ಬಂದರೆ ಗಿಗಾಬಿಟ್. 100/100 ಬಂದರೆ ಕೇಬಲ್ ಬದಲಿಸಿ ನೋಡಿ. ಆಗಲೂ ಅಷ್ಟೇ ಇದ್ದರೆ ಗಿಗಾಬಿಟ್ ಬೆಲೆ ಕೊಡಬೇಡಿ.

ರೂಟರ್ ಇಲ್ಲದೆ ಕೇಬಲ್‌ನವರ ವೈರನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕುವವರಿಗೆ ಇನ್ನೊಂದು ಮಾತು: ಹೊಸ ಅಡಾಪ್ಟರ್‌ಗೆ ಹೊಸ ಮ್ಯಾಕ್ ಅಡ್ರೆಸ್ ಇರುತ್ತದೆ. ನೆಟ್ ಬರದಿದ್ದರೆ ಆಪರೇಟರ್‌ಗೆ ಆ ನಂಬರ್ ತಿಳಿಸಿ, ಬದಲಿಸಲು ಹೇಳಿ. ಈ ಕೆಲಸವನ್ನು 20ನೇ ತಾರೀಕಿನ ಸಂಜೆಗೆ ಇಟ್ಟುಕೊಳ್ಳಬೇಡಿ.